ತಾರೀಕು ತಿರುಗಿಸಿದ ಹೆಬ್ಬಾತು

ಚಳಿಗಾಲ ಕಳೆಯಲೆಂದು ಹಿಮಾಲಯದ ಆಚೆಯಿಂದ ಕೆರೆಗೆ ಬಂದಿದ್ದ ಹೆಬ್ಬಾತೊಂದು ದಡದಲ್ಲಿ ಕೂತು ಮೊಬೈಲನ್ನು ಕುಕ್ಕುತ್ತಿತ್ತು. ಕ್ರಿಪ್ಟೊ ನಾಣ್ಯಗಳನ್ನು ಕೊಂಡು ಮಾರುವ ವೆಬ್‌ಸೈಟು ತೆರೆಯುತ್ತಲೇ ಇರಲಿಲ್ಲ. ಕೊನೆಗೆ ಹೆಬ್ಬಾತು ಆ ಕೆರೆಯ ಆಮೆಯನ್ನು ಕರೆಯಿತು.

“ಆಮೆಯಣ್ಣಾ, ನೆಟ್‌ವರ್ಕ್ ಇದೆ. ಮೊಬೈಲ್ ಆಫ್ ಮಾಡಿ ಆನ್ ಮಾಡಿದೆ, ಬ್ರೌಸರನ್ನೂ ಬದಲಿಸಿದೆ. ಏನು ಮಾಡಿದರೂ ಪುಟ ಬರುತ್ತಿಲ್ಲ.”

ಆಮೆ ಮೊಬೈಲನ್ನು ನಿಧಾನವಾಗಿ ನೋಡಿತು. “ಇದರಲ್ಲಿ ಇನ್ನೂ ಡಿಸೆಂಬರ್ ಇದೆಯಲ್ಲ ತಮ್ಮಾ! ತಾರೀಕು ತಪ್ಪಿದ್ದರೆ ಇಂಥ ವೆಬ್‌ಸೈಟು ತೆರೆಯುವುದಿಲ್ಲ. ಹಿಂದಕ್ಕೆ ತಿರುಗಿಸಿದವರು ಯಾರು?”

“ನಾನೇ,” ಎಂದಿತು ಹೆಬ್ಬಾತು. “ನಾಣ್ಯದ ಬೆಲೆ ಆಕಾಶಕ್ಕೇರಿದ್ದು ಅವತ್ತು. ಆಗ ಮಾರದೆ ಕೂತೆ. ಮೊಬೈಲ್ ನೋಡಿದಾಗಲೆಲ್ಲ ಆ ದಿನವೇ ಕಾಣಲಿ ಅನ್ನಿಸಿತು.”

“ಸರಿಮಾಡಲೇ?”

ಹೆಬ್ಬಾತು ಹೂಂ ಎಂದು ತಲೆಯಾಡಿಸಿತು. ಆಮೆ ತಾರೀಕು ತಿದ್ದಿದೊಡನೆ ಪುಟ ತೆರೆಯಿತು. ಬೆಲೆ ನೆಲ ಕಚ್ಚಿತ್ತು. ಆದರೆ ಹೆಬ್ಬಾತಿನ ಕಣ್ಣು ಬೆಲೆಯ ಮೇಲಿರಲಿಲ್ಲ.

“ಏಪ್ರಿಲ್ ಬಂದುಬಿಟ್ಟಿತೇ? ನಮ್ಮವರೆಲ್ಲ ಎಲ್ಲಿ?”

“ಊರಿಗೆ ಹೊರಟುಹೋದರು. ನಿನ್ನ ಹೆಂಡತಿ ಈ ಕೆರೆಯ ಮೇಲೆ ಸುತ್ತಿ ಸುತ್ತಿ ಕೂಗಿದಳು. ನೀನು ತಲೆಯನ್ನೂ ಎತ್ತದೆ, ‘ಇನ್ನೂ ಡಿಸೆಂಬರ್ ಕಣೇ’ ಅಂದೆ.”

ಹೆಬ್ಬಾತು ಮೊಬೈಲನ್ನು ಅಲ್ಲೇ ಬಿಟ್ಟು ಒಂಟಿಯಾಗಿ ಹಿಮಾಲಯದ ದಿಕ್ಕಿಗೆ ಹಾರಿತು. ಕಣ್ಮರೆಯಾಗುವವರೆಗೂ ಹೆಂಡತಿಯನ್ನು ಕೂಗುತ್ತಲೇ ಇತ್ತು. ಪ್ರತಿ ಕೂಗಿನ ನಂತರವೂ ರೆಕ್ಕೆ ಬಡಿಯುವುದನ್ನು ಒಂದು ಕ್ಷಣ ನಿಲ್ಲಿಸಿ, ದೂರದಿಂದ ಅವಳೇನಾದರೂ ಓಗೊಟ್ಟಾಳೇ ಎಂದು ಆಲಿಸುತ್ತಿತ್ತು.