ನಿಂಬವ್ವ ಬಾವಿಗೆ ಇಳಿದದ್ದು

ಒಂದೂರಿತ್ತಂತೆ, ಕಂಚಿನಾಳ ಅಂತ. ಆ ಊರಿಗೆಲ್ಲ ಒಂದೇ ಹೊಂಡ. ಎಮ್ಮೆ ಮೈ ತೊಳೆಯೋದೂ ಅಲ್ಲೇ, ಬಟ್ಟೆ ಒಗೆಯೋದೂ ಅಲ್ಲೇ, ಕುಡಿಯೋ ನೀರು ತುಂಬೋದೂ ಅಲ್ಲೇ. ವರ್ಷಾ ವರ್ಷ ವಾಂತಿಭೇದಿ ಬಂದು ಎಳೆಮಕ್ಕಳು ಸಾಯುತ್ತಿದ್ದವಂತೆ. ಊರಾಚೆ ಒಂದು ಹಳೇ ಬಾವಿ ಇತ್ತು. ಅದರಲ್ಲಿ ದೆವ್ವ ಇದೆ ಅಂತ ಜನ ದೂರದಿಂದಲೇ ಕಸ ಎಸೆದು ಓಡಿ ಬರುತ್ತಿದ್ದರಂತೆ.

ಆ ಊರಲ್ಲಿ ನಿಂಬವ್ವ ಅನ್ನೋ ಮುದುಕಿ. ಅವಳ ಮೊಮ್ಮಗಳು ಕಾಯಿಲೆ ಬಿದ್ದಳು. ಹೊಂಡದ್ದು ಬಿಟ್ಟು ಬೇರೆ ನೀರು ಸಿಕ್ಕೀತೇನೋ ಅಂತ ಮುದುಕಿ ಒಂದು ಮಧ್ಯಾಹ್ನ ನೆಟ್ಟಗೆ ಬಾವಿಗೇ ಹೋಗಿ ಬಗ್ಗಿ ನೋಡಿದಳಂತೆ.

"ಯಾರವ್ವ ಅದು?" ಅಂತು ಒಳಗಿಂದ ಒಂದು ದನಿ.

"ನಾ ನಿಂಬವ್ವ. ನೀ ಯಾರಪಾ?"

"ನಾ ದೆವ್ವ. ನಿನಗ ಅಂಜಿಕಿ ಇಲ್ಲೇನು?"

"ಮನ್ಯಾಗ ಕೂಸು ವಾಂತಿ ಮಾಡ್ಕೋತ ಮಲಗೇತಿ. ಅದಕ್ಕ ಅಂಜೀನಿ. ನಿನಗ್ಯಾಕ ಅಂಜಲಿ?"

ಅದಕ್ಕೆ ದೆವ್ವ, "ತಳದಾಗ ಸಿಹಿನೀರಿನ ಸೆಲೆ ಐತವ್ವ. ನಿಮ್ಮ ಕಸದಾಗ ನಾನೂ ಹೂತು ಹೋಗೀನಿ. ತಗದ್ರ ನಿಮಗ ನೀರು, ನನಗ ಬಿಡುಗಡೆ" ಅಂತಂತೆ.

ನಿಂಬವ್ವ ಊರಿಗೆ ಬಂದು ಹೇಳಿದರೆ ಗೌಡ ಹೊಟ್ಟೆ ಹಿಡಿದು ನಕ್ಕ. ಮುದುಕಿ ಬುಟ್ಟಿ ಹಿಡಿದು ಒಬ್ಬಳೇ ಇಳಿದಳು. ಮೊದಲ ದಿನ ಒಬ್ಬಳು. ಎರಡನೇ ದಿನ ಅಗಸರ ಮಾದೇವಿ ಬಂದಳು, ಇಬ್ಬರಾದರು. ಮೂರನೇ ದಿನ ಏಳು ಜನ. ಅವತ್ತೇ ಒಂದು ಚೊಂಬು ನೀರು ಒಸರಿತು. ನಿಂಬವ್ವ ಅದನ್ನ ಸೋಸಿ, ಕುದಿಸಿ, ಗಂಜಿ ಮಾಡಿ ಕುಡಿಸಿದಳು. ಎರಡು ದಿನಕ್ಕೆ ಕೂಸು ಎದ್ದು ರೊಟ್ಟಿ ಕೇಳಿತಂತೆ! ಸುದ್ದಿ ತಿಳಿದದ್ದೇ ತಡ, ಊರಿಗೆ ಊರೇ ಬಾವಿಗೆ ಬಂತು, ಗೌಡನೊಬ್ಬನನ್ನು ಬಿಟ್ಟು.

ಏಳನೇ ದಿನ ಸೆಲೆಯ ಬಾಯಿಗೆ ಒಂದು ಬಂಡೆ ಅಡ್ಡ ಬಂತು. ಹಗ್ಗ ಕಟ್ಟಿ ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಇತ್ತ ಗೌಡ ಊಟಕ್ಕೆ ಕೂತರೆ ಒಲೆ ತಣ್ಣಗಿದೆ. ಗೌಡತಿಯನ್ನ ಹುಡುಕಿಕೊಂಡು ಬಾವಿಗೆ ಬಂದರೆ, ಆಕೆ ಸೆರಗು ಬಿಗಿದು ಹಗ್ಗ ಎಳೀತಿದ್ದಾಳೆ!

"ಅಡಿಗಿ ಏನಾತು?"

"ನೀರು ಬಂದ ಮ್ಯಾಲ. ಹಸಿವಾಗಿದ್ರ ಹಗ್ಗ ಹಿಡೀರಿ!"

ಗೌಡ ನಾಚಿ ಹಗ್ಗ ಹಿಡಿದ. "ಹೋ" ಅಂತ ಎಲ್ಲರೂ ಎಳೆದರು. ಬಂಡೆ ಸರಿಯಿತು, ನೀರು ಬುಳುಬುಳು ಎದ್ದಿತು.

"ತಣ್ಣಗಿರ್ರಿ" ಅಂದು ದೆವ್ವ ಗಾಳಿಯಾಗಿ ಹೋಯಿತಂತೆ.

ಬಾವಿಗೆ ಕಟ್ಟೆ ಕಟ್ಟಿದರು. ದಿನಕ್ಕೊಂದು ಮನೆಯವರು ಸುತ್ತ ಗುಡಿಸಬೇಕು ಅಂತ ಮಾತಾಯಿತು. ಮೊದಲ ಪಾಳಿ ಗೌಡನದೇ ಬಂತು. ಪೊರಕೆ ಹಿಡಿಯೋದು ಹೇಗೆ ಅಂತ ಗೌಡತಿ ಹೇಳಿಕೊಡಬೇಕಾಯಿತಂತೆ.

ಅವರು ಅಲ್ಲಿ ಸಿಹಿನೀರು ಕುಡಿದರು, ನಾನು ಇಲ್ಲಿ ಕತೆ ಮುಗಿಸಿದೆ.