ಕೈಗುಣದ ಕೊಡಲಿ

ಅಮರೇಗೌಡರ ಕೊಡಲಿ ಬಿದ್ದ ಜಾಲಿ ಮತ್ತೆ ಚಿಗುರುವುದಿಲ್ಲ. ಕರಡೋಣಿಯಲ್ಲಿ ಆಗ ಎಲ್ಲರೂ ಹೀಗೆ ನಂಬಿದ್ದರು.

ನಂಬುವುದಕ್ಕೆ ಆಧಾರವೂ ಇತ್ತು. ಬಳ್ಳಾರಿ ಜಾಲಿ ಹಠದ ಗಿಡ. ಎರಡು ವರ್ಷ ಪಾಳು ಬಿಟ್ಟರೆ ಸಾಕು, ಒಳ್ಳೆಯ ಎರೆಹೊಲವನ್ನು ಮುಳ್ಳಿನ ಕಾಡು ಮಾಡುತ್ತದೆ. ಒಂದು ಕಾಂಡ ಕಡಿದರೆ ಮಳೆಯಾದ ಹದಿನೈದು ದಿನಕ್ಕೆ ಹತ್ತು ಚಿಗುರು ಬರುತ್ತವೆ. ಸುಟ್ಟರೂ ಅಷ್ಟೇ. ಸುತ್ತಲಿನ ಊರುಗಳ ಜನ ಕಡಿದು ಕಡಿದು ಸೋತು, ಹೊಲಗಳನ್ನು ಜಾಲಿಗೇ ಬಿಟ್ಟಿದ್ದರು. ಕರಡೋಣಿಯಲ್ಲಿ ಮಾತ್ರ ಕಡಿದ ಗಿಡ ಮತ್ತೆ ಮುಖ ತೋರಿಸುತ್ತಿರಲಿಲ್ಲ. ಗೌಡರ ಕೈಗುಣವೇ ಇದಕ್ಕೆ ಕಾರಣ ಎಂದು ಊರು ತೀರ್ಮಾನಿಸಿತ್ತು. ಬೇರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಹೊಲ ಹಸನು ಮಾಡುವ ದಿನ ಒಂದು ಪದ್ಧತಿಯಿತ್ತು. ಹೊಲದವರು ಗೌಡರಿಗೆ ರುಮಾಲು ಸುತ್ತುವರು, ಕಾಯಿ ಒಡೆಯುವರು, ಕೊಡಲಿಗೆ ಕುಂಕುಮ ಹಚ್ಚಿ ಕೈಗೆ ಕೊಡುವರು. ಗೌಡರು ಮೊದಲ ಗಿಡಕ್ಕೆ ಮೂರು ಏಟು ಹಾಕಿ ಬೇವಿನ ನೆರಳಿಗೆ ಹೋಗಿ ಕೂರುವರು. ಆ ಗಿಡವನ್ನೂ ಉಳಿದ ಮುನ್ನೂರು ಗಿಡಗಳನ್ನೂ ಆಳುಗಳು ನೆಲಮಟ್ಟಕ್ಕೆ ಕಡಿಯುವರು. ಕೈಗುಣ ಮಾತ್ರ ಗೌಡರದು.

ಕಡಿದದ್ದನ್ನು ಹಂಚುವುದಕ್ಕೂ ಪದ್ಧತಿಯಿತ್ತು. ಕಾಂಡ ಇದ್ದಿಲು ಸುಡುವವರಿಗೆ, ಮುಳ್ಳುಕಂಟಿ ಬೇಲಿಗೆ. ನೆಲದೊಳಗೆ ಉಳಿದ ಬುಡ ಹುಲಿಗೆವ್ವನಿಗೆ.

ಹುಲಿಗೆವ್ವ ಗಂಡ ಸತ್ತ ಹೆಂಗಸು. ಗೌಡರ ಹೊಲದ ಬದುವಿನಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದಳು. ಹಾರೆ, ಗುದ್ದಲಿ, ಎರಡು ಕೈ, ಇಷ್ಟೇ ಆಕೆಯ ಆಸ್ತಿ. ಆಳುಗಳು ಮನೆಗೆ ಹೋದ ಮೇಲೆ ಆಕೆಯ ಕೆಲಸ ಶುರು. ಒಂದೊಂದು ಬುಡದ ಸುತ್ತ ಮೊಣಕೈ ಮುಳುಗುವಷ್ಟು ಅಗೆದು, ಬೇರು ಕತ್ತರಿಸಿ, ಗಂಟನ್ನು ಕಿತ್ತು ಮೇಲೆ ಹಾಕುವಳು. ಗುಂಡಿ ಮುಚ್ಚುವಳು. ಮುನ್ನೂರು ಬುಡಕ್ಕೆ ಒಂದು ಬೇಸಿಗೆ ಹಿಡಿಯುತ್ತಿತ್ತು. ಗಂಟುಗಳನ್ನು ಮಂಡಕ್ಕಿ ಭಟ್ಟಿಗೆ ಹಾಕಿ ವರ್ಷದ ಜೋಳ ತರುವಳು.

ಇದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ಗೌಡರು ಮಾಡುವ ಧರ್ಮ ಎನ್ನುತ್ತಿದ್ದರು.

"ಏನಬೇ ಹುಲಿಗೆವ್ವ, ಪಾತಾಳಕ್ಕ ಹೊಂಟಿಯೇನು?" ಎಂದು ದಾರಿಹೋಕರು ನಗುತ್ತಿದ್ದರು. "ಮೇಲ ಇಷ್ಟ ಪುಳ್ಳಿ ಬಿದ್ದಾವ, ಆರಸ್ಕೊಂಡು ಹೋಗಬಾರದ?"

"ಪುಳ್ಳಿ ಭರ್ರಂತ ಉರದು ಬೂದಿ ಆಗ್ತೈತೋ ಯಪ್ಪಾ. ಭಟ್ಟ್ಯಾಗ ನಿಂತು ಉರಿಯೂದು ಗಂಟು. ಅದನ್ನ ಬಿಟ್ಟು ಬಂದ್ರ ಭಟ್ಟಿ ಸಾವ್ಕಾರ ನನ್ನ ಹೊರಗ ನಿಂದರಸ್ತಾನ."

ಹೀಗೆ ಹನ್ನೆರಡು ವರ್ಷ ನಡೆಯಿತು. ಗೌಡರ ಮನೆಯಲ್ಲಿ ರುಮಾಲುಗಳು ಪೆಟ್ಟಿಗೆ ತುಂಬಿದವು. ಮೊದಮೊದಲು ಕೈಗುಣದ ಮಾತು ಬಂದಾಗ ಗೌಡರು ನಕ್ಕುಬಿಡುತ್ತಿದ್ದರು. ಆಮೇಲೆ ನಗುವುದನ್ನು ಬಿಟ್ಟರು.

ಪಕ್ಕದ ಊರಿನವರು ಬಂಡಿ ಕಳಿಸಿ ಗೌಡರನ್ನು ಕರೆಸಿಕೊಂಡರು. ಗೌಡರು ಹೋದರು, ಮೂರು ಏಟು ಹಾಕಿದರು, ಹೋಳಿಗೆ ಉಂಡು ಬಂದರು. ಆಳುಗಳು ಉಳಿದದ್ದನ್ನು ಕಡಿದರು. ಮಳೆಯಾಯಿತು. ಹದಿನೈದು ದಿನಕ್ಕೆ ಆ ಊರಿನವನೊಬ್ಬ ಬಂದು, ಮೊಳದುದ್ದದ ಹಸಿ ಜಾಲಿಚಿಗುರನ್ನು ಗೌಡರ ಕಟ್ಟೆಯ ಮೇಲಿಟ್ಟ.

"ಗೌಡ್ರ ಕೈಗುಣ ಭಾಳ ಚಲೋ ಬೆಳದೈತ್ರಿ. ತೋರ್ಸಾಕ ತಂದೀನಿ" ಎಂದು ಹೋದ.

ಊರಿಗೆ ಅವಮಾನವಾಯಿತು. ಇಂಥ ಹೊತ್ತಿನಲ್ಲಿ ನಂಬಿಕೆ ಸಾಯುತ್ತದೆ ಎಂದು ತಿಳಿಯುವವರಿಗೆ ಊರುಗಳ ಪರಿಚಯವಿಲ್ಲ. ನಂಬಿಕೆಗೆ ಅಪಾಯ ಬಂದಾಗ ಅದನ್ನು ಉಳಿಸಲು ಒಬ್ಬ ಓದಿದವನು ಬೇಕಾಗುತ್ತದೆ, ಅಷ್ಟೇ. ಕರಡೋಣಿಯಲ್ಲಿ ಪಂಪಣ್ಣ ಮಾಸ್ತರ ಇದ್ದರು. ಶಾಲೆ ಬಿಟ್ಟು ಹತ್ತು ವರ್ಷವಾಗಿತ್ತು, ಪಾಠ ಬಿಟ್ಟಿರಲಿಲ್ಲ.

"ಗೌಡ್ರ, ವಿಚಾರ ಮಾಡ್ರಿ" ಎಂದರು ಮಾಸ್ತರರು. "ನಿಮ್ಮ ಕೈ ಬಿದ್ದ ಜಾಗದಾಗ ಆಮೇಲೆ ಯಾರ ಕೈ ಬೀಳ್ತೈತಿ? ಗಂಡ ಸತ್ತಾಕಿದು. ಹನ್ನೆರಡು ವರ್ಷ ಆಕಿ ನಿಮ್ಮ ಕೈಗುಣಾನ ಬುಡಸಮೇತ ಕಿತ್ತು ಮಾರ್ಯಾಳ. ಇನ್ನ ಉಳಿಯೂದರ ಏನು?"

ಪಕ್ಕದೂರಿನ ಹೊಲಕ್ಕೆ ಹುಲಿಗೆವ್ವ ಕಾಲಿಟ್ಟಿರಲೇ ಇಲ್ಲ. ಇದನ್ನು ಯಾರೂ ಎತ್ತಲಿಲ್ಲ. ಮಾಸ್ತರರ ಮಾತು ಎಲ್ಲರಿಗೂ ಸರಿಯೆನಿಸಿತು.

ಮುಂದಿನ ಬೇಸಿಗೆ ಗೌಡರ ಸ್ವಂತದ ಹನ್ನೆರಡು ಎಕರೆ ಹಸನಾಗಬೇಕಿತ್ತು. ಮೂರು ವರ್ಷ ಪಾಳು ಬಿದ್ದ, ಬಿಳಿಜೋಳದ ಹೊಲ. ಗೌಡರು ಈ ಸಲ ಮೂರರ ಬದಲು ಐದು ಏಟು ಹಾಕಿದರು. ಸಂಜೆ ಹಾರೆ ಹಿಡಿದು ಬಂದ ಹುಲಿಗೆವ್ವನನ್ನು ಬದುವಿನಲ್ಲೇ ತಡೆದರು.

"ಇನ್ನ ಮ್ಯಾಲೆ ಬುಡ ಮುಟ್ಟಬ್ಯಾಡ."

"ಗೌಡ್ರ, ಬುಡ ಇಲ್ಲಂದ್ರ ನನಗ ಒಲಿ ಇಲ್ರಿ. ವರ್ಷದ ಜ್ವಾಳ ಅದರಾಗ ಐತ್ರಿ."

"ಪುಳ್ಳಿ ತಗೊಂಡು ಹೋಗು."

"ಬುಡ ಬಿಟ್ರ ನಿಮ್ಮ ಹೊಲ ನಿಮಗ ದಕ್ಕಂಗಿಲ್ರಿ ಯಪ್ಪಾ."

ತಿಳಿಸಿ ಹೇಳಿದ ಮಾತಿದು. ಊರ ಕಟ್ಟೆ ಮುಟ್ಟುವಷ್ಟರಲ್ಲಿ ಶಾಪವಾಗಿತ್ತು.

ಮಳೆ ಒಳ್ಳೆಯದೇ ಆಯಿತು. ಹನ್ನೆರಡು ಎಕರೆ ಹಸಿರಾಯಿತು. ಒಂದೊಂದು ಬುಡಕ್ಕೂ ಹತ್ತು, ಹನ್ನೆರಡು ಚಿಗುರು. ಆಳುಗಳು ಮತ್ತೆ ಸವರಿದರು, ಮತ್ತೆ ಬಂದವು. ಕುಂಟೆ ಹೂಡಿದರೆ ಬುಡಕ್ಕೆ ತಾಗಿ ಕುಂಟೆಯ ತಾಳೇ ಮುರಿಯಿತು. ಎತ್ತಿನ ಗೊರಸಿಗೆ ಮುಳ್ಳು ಹೊಕ್ಕು ಕೀವಾಯಿತು. ಬಿತ್ತುವ ಹದ ಬಂತು, ಹೋಯಿತು.

ಕಟ್ಟೆಯಲ್ಲಿ ಊರು ಸೇರಿತು. ಹುಲಿಗೆವ್ವನನ್ನು ಕರೆಸಿ ಕೆಳಗೆ ನಿಲ್ಲಿಸಿದರು.

"ಏನ್ ಮಾಡೀದಿ ಹೇಳು" ಎಂದರು ಮಾಸ್ತರರು.

"ಏನೂ ಮಾಡಿಲ್ರಿ. ಈ ವರ್ಷ ಏನೂ ಮಾಡಿಲ್ಲ. ಅದಕ್ಕ ಹಿಂಗಾಗೈತಿ."

"ನೋಡ್ರಿ ಮಾತ! ಅಂದ್ರ ಗೌಡ್ರಗಿಂತ ನಿನ್ನ ಕೈ ದೊಡ್ಡದೇನಬೇ?"

"ನನ್ನ ಕೈಯಾಗ ಏನೂ ಇಲ್ರಿ ಮಾಸ್ತರ್ರ. ಹಾರಿ ಐತಿ." ಆಕೆ ಗೌಡರ ಕಡೆ ತಿರುಗಿದಳು. "ಗೌಡ್ರ, ನಿಮ್ಮ ಹೊಲದಾಗ ಎರಡು ಸಾಲು ಕೊಡ್ರಿ. ಒಂದು ನೀವ ಕಡೀರಿ, ನಾ ಮುಟ್ಟಂಗಿಲ್ಲ. ಇನ್ನೊಂದು ಯಾವನರ ಕಡೀಲಿ, ಬುಡ ನಾ ಅಗಿತೀನಿ. ಹದಿನೈದು ದಿನ ಬಿಟ್ಟು ಊರೆಲ್ಲ ಬಂದು ನೋಡ್ರಿ. ನಾ ಸೋತ್ರ ಗುಡಸಲಾ ನಾನ ಕಿತ್ತು ಹೋಗ್ತೀನಿ."

ಅಷ್ಟು ವರ್ಷಗಳಲ್ಲಿ ಆ ಕಟ್ಟೆಯ ಮೇಲೆ ಬಂದ ಬುದ್ಧಿಯ ಮಾತು ಅದೊಂದೇ. ಅದೂ ಕೆಳಗೆ ನಿಂತವಳಿಂದ ಬಂದಿತ್ತು.

ಗೌಡರು ದಡ್ಡರಲ್ಲ. ಹನ್ನೆರಡು ಬೇಸಿಗೆ ಆಕೆ ಅಗೆಯುವುದನ್ನು ಕಂಡವರು. ಪರೀಕ್ಷೆಗೆ ಒಪ್ಪಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಹೊಲ ಉಳಿಯುತ್ತದೆ, ರುಮಾಲು ಹೋಗುತ್ತದೆ. ಒಪ್ಪದಿದ್ದರೆ ಹೊಲ ಹೋಗುತ್ತದೆ, ರುಮಾಲು ಉಳಿಯುತ್ತದೆ.

"ಬುಡ ಆರಿಸ್ಕೊಂಡು ತಿನ್ನಾಕಿ ಜೋಡಿ ಗೌಡ ಪಣ ಕಟ್ಟಬೇಕೇನು?" ಎಂದರು.

ಊರು ಗೊಳ್ಳೆಂದು ನಕ್ಕಿತು. ನಗು ಮುಗಿಯುವ ಹೊತ್ತಿಗೆ ತೀರ್ಪೂ ಆಗಿತ್ತು. ಮರುದಿನ ಆಳುಗಳು ಹೋಗಿ ಗುಡಿಸಲು ಕಿತ್ತರು. ಹುಲಿಗೆವ್ವ ಅಳಲಿಲ್ಲ, ಶಪಿಸಲೂ ಇಲ್ಲ. ಗಡಿಗೆಯನ್ನು ತಲೆಯ ಮೇಲಿಟ್ಟು, ಹಾರೆಯನ್ನು ಹೆಗಲಿಗೇರಿಸಿ ನಡೆದಳು. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಐದು ವರ್ಷಕ್ಕೆ ಕರಡೋಣಿಯ ಅರ್ಧ ಹೊಲ ಜಾಲಿಯ ಪಾಲಾಯಿತು. ಪ್ರತಿ ವರ್ಷವೂ ಹೊಸ ಕಾರಣ ಸಿಕ್ಕಿತು. ಒಂದು ವರ್ಷ ಕಾಯಿ ಕೊಳೆತಿತ್ತು. ಇನ್ನೊಂದು ವರ್ಷ ವಾರ ಸರಿಯಿರಲಿಲ್ಲ. ಮತ್ತೊಂದು ವರ್ಷ ಬಿಟ್ಟುಹೋದವಳ ಶಾಪ ಇನ್ನೂ ತೀರಿರಲಿಲ್ಲ. ಗೌಡರು ಮುದುಕರಾದರೂ ಕರೆದಲ್ಲಿಗೆ ಹೋಗಿ ಏಟು ಹಾಕಿ ಬರುತ್ತಿದ್ದರು. ಮಾಸ್ತರರು ಗೌಡರ ಕೈಗುಣದ ಮೇಲೆ ಒಂದು ಪದ ಕಟ್ಟಿ ಮಕ್ಕಳಿಗೆ ಕಲಿಸಿದರು. ಮಕ್ಕಳು ಅದನ್ನು ಚೆನ್ನಾಗಿಯೇ ಹಾಡುತ್ತಿದ್ದರು, ಮುಳ್ಳು ತುಳಿಯದಂತೆ ನೆಲ ನೋಡಿಕೊಂಡು.

ನೀತಿ: ದುಡಿದವರ ಕೆಲಸವನ್ನು ದೊಡ್ಡವರ ಕೈಗುಣವೆಂದು ಹಾಡುವ ಊರು ಮೊದಲು ದುಡಿದವರನ್ನು ಕಳೆದುಕೊಳ್ಳುತ್ತದೆ, ಆಮೇಲೆ ಹೊಲವನ್ನು. ಹಾಡು ಮಾತ್ರ ಉಳಿಯುತ್ತದೆ. ಇನ್ನು ಜಾಲಿಯ ವಿಷಯ: ಅದು ಚಿಗುರುವುದು ನೆಲದೊಳಗೆ ಒಂದು ಗೇಣು ಕೆಳಗಿರುವ ಗಂಟಿನಿಂದ.