ಗಡಿಯಾರದಲ್ಲಿ ಒಂಬತ್ತೇ ಇರಲಿಲ್ಲ

"ಕೇಳ್ರಪ್ಪೋ ಕೇಳಿ. ಹಡಗಿನವನು ತಂದುಕೊಟ್ಟ ಗಡಿಯಾರದ ಮೇಲೆ ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಹಾಕವ್ರೆ. ಬಿಡಿಸಿದೋರಿಗೆ ಕೇಳಿದ್ದು ಕೊಡ್ತಾರೆ. ತಪ್ಪು ಹೇಳಿದೋರ ತಲೆ ಮಾರನೇ ದಿನ ಬೆಳಿಗ್ಗೆ ಸರಿಯಾಗಿ ಒಂಬತ್ತು ಗಂಟೆಗೆ ಹೋಗುತ್ತೆ."

ಮುದ್ದನಗಿರಿಯಲ್ಲಿ ಈ ಡಂಗುರ ಹೊಡೆದು ತಿಂಗಳಾಗಿತ್ತು. ಹದಿನಾಲ್ಕು ಜನ ತಪ್ಪು ಹೇಳಿದ್ರು. ಒಬ್ಬನ ತಲೆಯೂ ಹೋಗಿರಲಿಲ್ಲ. ದಯೆ ಅಂದ್ಕೋಬೇಡಿ. ಆ ಗಡಿಯಾರದಲ್ಲಿ ಒಂಬತ್ತು ಯಾವುದು ಅಂತ ಯಾರಿಗೂ ಸಿಕ್ಕಿರಲಿಲ್ಲ, ಅಷ್ಟೇ.

ಅದರಲ್ಲಿ ಅಂಕಿ ಬದಲು ಹೊರದೇಶದ ಗುರುತುಗಳಿದ್ವು. ಪಕ್ಕದ ಹಲಗೆ ಮೇಲೆ ರಾಜಕುಮಾರಿ ಬರೆಸಿದ್ದಳು: I ಒಂದು, V ಐದು, X ಹತ್ತು, L ಐವತ್ತು. ಆಸ್ಥಾನದವರು ಕೂಡಿಸಿ ನೋಡಿದ್ರು. VI ಆರು, IV ಕೂಡ ಆರು. XI ಹನ್ನೊಂದು, IX ಕೂಡ ಹನ್ನೊಂದು. ಎರಡು ಆರು, ಎರಡು ಹನ್ನೊಂದು. ನಾಲ್ಕೂ ಇಲ್ಲ, ಒಂಬತ್ತೂ ಇಲ್ಲ. ಮಕ್ಕಳ ಥರ ಬೆರಳಿಟ್ಟು ಸುತ್ತ ಎಣಿಸಿದ್ರೆ ಸಿಕ್ತಿತ್ತು. ಆಸ್ಥಾನ ವಿದ್ವಾಂಸರು ಬೆರಳಿಡಲ್ಲ.

ಅರಮನೆಯಲ್ಲಿ ಎಲ್ಲಾ ಗಡಿಯಾರದ ಪ್ರಕಾರವೇ ನಡೀಬೇಕು ಅಂತ ದೊರೆ ಗುಂಡನಾಯಕನೇ ಆಜ್ಞೆ ಮಾಡಿದ್ದ. ಅವನ ತಿಂಡಿಯೂ ಒಂಬತ್ತಕ್ಕೆ. ತಿಂಗಳಿಂದ ತಿಂಡಿ ಬಂದಿರಲಿಲ್ಲ.

ಹಿಂಗಿರುವಾಗ ಕುರಿ ಕಾಯೋ ಮಾಳಿಂಗ ಬಂದ. ಅವನ ನಲವತ್ತೊಂಬತ್ತು ಕುರಿ ಹಿಂದಿನ ದಿನ ಅರಮನೆ ತೋಟದ ಮಲ್ಲಿಗೆ ಮೇದು ದೊಡ್ಡಿ ಸೇರಿದ್ವು.

"ಬಿಡಿಸ್ಕೋಬೇಕಾದ್ರೆ ಒಗಟು ಬಿಡಿಸು. ಇಲ್ಲಾಂದ್ರೆ ಕುರಿ ಅಡುಗೆಮನೆಗೆ, ನೀನು ಅಲ್ಲಿಗೆ," ಅಂತ ಕಾವಲುಗಾರ ಸಾಲಾಗಿ ಕೂತಿದ್ದ ಹದಿನಾಲ್ಕು ಜನರನ್ನ ತೋರಿಸಿದ.

"ಬೇರೆ ದಾರಿ?"

"ಕಾಯೋದು. ಇವರೂ ಅದನ್ನೇ ಮಾಡ್ತಿರೋದು."

ಹೊನ್ನಾಂಬೆ ಮೊದಲನೇದು ಕೇಳಿದಳು. "ಒಬ್ಬ ಆಳು. ಮನೆಯ ಎಡಗಡೆ ನಿಂತ್ರೆ ಮನೇಲಿ ಒಬ್ಬರು ಕಮ್ಮಿ. ಬಲಗಡೆ ನಿಂತ್ರೆ ಒಬ್ಬರು ಜಾಸ್ತಿ. ಯಾರವನು?"

ಇದಕ್ಕೆ ಎಂಟು ಜನ ಕಳ್ಳ ಅಂದಿದ್ರು, ಆರು ಜನ ಅಳಿಯ ಅಂದಿದ್ರು. ಮಾಳಿಂಗ ತನ್ನ ಕೋಲು ನೋಡ್ಕೊಂಡ.

"ಅದು ಗೀಟು, ತಾಯಿ. ನಾವು ಕುರಿಗೊಂದು ಗೀಟು ಕೆತ್ತೀವಿ, ಹತ್ತಾದ್ರೆ ನಿಮ್ಮ X ಥರಾನೇ ಕತ್ತರಿ ಗುರುತು. ಹತ್ತಕ್ಕೆ ಒಂದು ಇನ್ನೂ ಬಂದಿಲ್ಲ ಅಂದ್ರೆ ಕತ್ತರಿಯ ಎಡಕ್ಕೆ ಗೀಟು. ಒಂದು ಹೆಚ್ಚಿಗೆ ಬಂದ್ರೆ ಬಲಕ್ಕೆ."

ದೊರೆ ಎದ್ದು ನಿಂತ. "ಹಂಗಾದ್ರೆ ಆ IX ಒಂಬತ್ತಾ? ತಿಂಗಳಿಂದ ಅದರ ಎದುರಿಗೇ ಹಸ್ಕೊಂಡು ಕೂತಿದೀನಲ್ಲೋ."

ತಲೆ ತೆಗೆಯೋನೂ ಎದ್ದ. ಹದಿನಾಲ್ಕು ಜನ ಮಾಳಿಂಗನನ್ನ ನೋಡಿದ ನೋಟ ಅಷ್ಟು ಚೆನ್ನಾಗಿರಲಿಲ್ಲ.

"ಕೂತ್ಕೊಳ್ಳಿ, ಇನ್ನೂ ಎರಡಿದೆ," ಅಂದಳು ಹೊನ್ನಾಂಬೆ. "ಮೂವರು ಅಣ್ಣತಮ್ಮಂದಿರು ಒಂದೇ ಸಾಲಲ್ಲಿ ಕೂತು ಉಣ್ತಾರೆ. ನಾಲ್ಕನೆಯೋನು ಬಂದ ತಕ್ಷಣ ಒಬ್ಬನೇ ಉಳೀತಾನೆ, ಅವನ ಬಲಕ್ಕೆ ದೊಡ್ಡಪ್ಪ ಬಂದು ಕೂರ್ತಾನೆ. ಯಾಕೆ?"

ಸಾಲಲ್ಲಿ ಕೂತಿದ್ದ ಇಬ್ಬರು, ಆಸ್ತಿ ಜಗಳ ಅಂತ ಪಿಸುಗುಟ್ಟಿದ್ರು.

"ನಾಲ್ಕು ಗೀಟು ಒತ್ತಾಗಿದ್ರೆ ಮೂರೋ ನಾಲ್ಕೋ ಕಣ್ಣಿಗೆ ತಿಳಿಯಲ್ಲ ತಾಯಿ. ಅದಕ್ಕೇ ಒಂದೇ ಗೀಟು, ಬಲಕ್ಕೆ ಐದರ ಗುರುತು. ಐದಕ್ಕೆ ಒಂದು ಕಮ್ಮಿ."

"ಸರಿ. ಕೊನೇದು. ನಿನ್ನ ಇಡೀ ಹಿಂಡನ್ನ ನಾಲ್ಕೇ ಗುರುತಲ್ಲಿ ಕೂಡಿಹಾಕು."

ಮಂತ್ರಿ ತಡೆಯಲಾರದೆ ಬಾಯಿ ಹಾಕಿದ. "ನಾಲ್ಕು ಯಾಕೆ, ಎರಡು ಸಾಕು. IL. ಐವತ್ತಕ್ಕೆ ಒಂದು ಕಮ್ಮಿ."

"ತಪ್ಪು. ಹೋಗಿ ಕೂತ್ಕೊಳ್ಳಿ."

"ನಾನು ಸುಮ್ನೆ ಅಂದಿದ್ದು, ತಾಯಿ."

"ಅವರೂ ಸುಮ್ನೆ ಅಂದಿದ್ದೇ." ಮಂತ್ರಿ ಹದಿನೈದನೆಯವನಾಗಿ ಕೂತ.

ಮಾಳಿಂಗನಿಗೂ ಅದೇ ಹೊಳೆದಿತ್ತು. ಆಮೇಲೆ ಹಟ್ಟಿ ನೆನೆಸಿಕೊಂಡ. ಹಟ್ಟೀಲಿ ಯಾರೂ ಹತ್ತು ಮತ್ತು ಬಿಡಿ ಬೆರೆಸಲ್ಲ. ಮೊದಲು ಹತ್ತುಗಳ ಲೆಕ್ಕ ಮುಗಿಸಿ, ಆಮೇಲೆ ಬಿಡಿ ಕುರಿ. ಐವತ್ತಕ್ಕೆ ಹತ್ತು ಕಮ್ಮಿ, ನಲವತ್ತು. ಹತ್ತಕ್ಕೆ ಒಂದು ಕಮ್ಮಿ, ಒಂಬತ್ತು. ಬರೆದ: XLIX.

"ಸರಿ," ಅಂದಳು ಹೊನ್ನಾಂಬೆ. "ಒಂದರ ಗೀಟು ಐದು, ಹತ್ತರ ಎಡಕ್ಕೆ ಮಾತ್ರ ನಿಲ್ಲಬಹುದು. ಐವತ್ತರ ಎಡಕ್ಕೆ ನಿಲ್ಲೋ ಯೋಗ್ಯತೆ ಹತ್ತಕ್ಕೇ ಇರೋದು. ಕುರಿ ಎಣಿಸಿ ಕೊಡಿ."

ಕಾವಲುಗಾರ ಎಣಿಸಿ ಬಂದ. "ನಲವತ್ತೆಂಟು."

ಮಾಳಿಂಗ ಬರೆದದ್ದನ್ನ ಒರೆಸಿ ಬರೆದ: XLVIII. "ಕುರಿ ಒಂದು ಕಮ್ಮಿ ಆಯ್ತು, ಗುರುತು ಎರಡು ಜಾಸ್ತಿ ಆಯ್ತು. ನಾಲ್ಕರಲ್ಲಿ ಹಿಡಿಯಲ್ಲ, ತಾಯಿ." ತಲೆ ತೆಗೆಯೋನು ಮತ್ತೆ ಎದ್ದ. ಅಡುಗೆಯವನು ಕೆಮ್ಮಿ ದೊರೆಯನ್ನ ನೋಡಿದ. ದೊರೆ ಗಡಿಯಾರ ನೋಡಿದ.

"ಒಂಬತ್ತು ಬರಲೇ ಇಲ್ವಲ್ಲಮ್ಮ," ಅಂದ ದೊರೆ. "ನಿನ್ನೆ ತಡೆಯೋಕಾಗ್ಲಿಲ್ಲ."

"ಅಂದ್ರೆ ಮೂರನೇ ಒಗಟು ಕೆಡಿಸಿದ್ದು ನೀವು, ಅಪ್ಪಾಜಿ. ಸಾಲಲ್ಲಿ ಹದಿನಾರನೇ ಜಾಗ ಖಾಲಿ ಇದೆ."

ದೊರೆ ಆ ಕ್ಷಣವೇ ಹದಿನೈದು ಜನರನ್ನೂ ಬಿಡುಗಡೆ ಮಾಡಿದ. ಆಮೇಲೆ ಮಾಳಿಂಗನ ಕಡೆ ತಿರುಗಿ, "ಏನು ಬೇಕು ಕೇಳಪ್ಪ. ಅರ್ಧ ರಾಜ್ಯ?" ಅಂದ.

"ಎರಡು ಕುರಿ ಕೊಡಿ, ಬುದ್ಧಿ."

"ನಾನು ತಿಂದಿದ್ದು ಒಂದೇ ಕಣಯ್ಯ."

"ಒಂದು ಕೊಟ್ರೆ ಕೋಲಿನ ಮೇಲೆ ನಾಲ್ಕು ಗುರುತು ಕೆತ್ತಬೇಕು, ಬುದ್ಧಿ. ಎರಡು ಕೊಟ್ರೆ ಒಂದೇ ಸಾಕು." ಮಾಳಿಂಗ ಹಲಗೆ ಒರೆಸಿ, L ಬರೆದು, ಕುರಿ ಹೊಡ್ಕೊಂಡು ಹೋಗೋಕೆ ದೊಡ್ಡಿ ಕಡೆ ನಡೆದ.